ಶೂಟಿಂಗ್ ಕ್ಲಬ್ ಸೇರಿದರೆ ಪಿಸ್ತೂಲ್ ಲೈಸೆನ್ಸ್ ಸಿಗುತ್ತದೆಯೇ? ಕಲಿಯಲು ಸರಿಯಾದ ದಾರಿ ಯಾವುದು?

"ಯಾವುದಾದರೂ ಶೂಟಿಂಗ್ ಕ್ಲಬ್ಬಿನ ಮೆಂಬರ್ ಆಗಿ, ಆತ್ಮರಕ್ಷಣೆಗೆ ಪಿಸ್ತೂಲ್ ಲೈಸೆನ್ಸ್ ತಾನಾಗಿ ಸಿಗುತ್ತದೆ. ಏರ್‌ಗನ್‌ಗಂತೂ ಲೈಸೆನ್ಸೇ ಬೇಡ, ಎಲ್ಲಿ ಬೇಕಾದರೂ ಹೊಡೆಯಬಹುದು." ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂದಿದ್ದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದವರು ಜೈಲು ಸೇರಬಹುದು.

ಈ ಮಾತು ಹುಟ್ಟಿದ್ದು ಎಲ್ಲಿಂದ?

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಒಂದು ಅನುಕೂಲವಿದೆ. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕಾಗಿ ಪಾಯಿಂಟ್ 22 ರೈಫಲ್ ಅಥವಾ ಏರ್ ರೈಫಲ್‌ಗೆ ಅರ್ಜಿ ಹಾಕಿದರೆ, ಬೇರೆ ಅಡ್ಡಿಯಿಲ್ಲದಿದ್ದಲ್ಲಿ ಲೈಸೆನ್ಸ್ ಕೊಡಬೇಕು ಎನ್ನುತ್ತದೆ ಅದು. ಅಲ್ಲಿರುವುದು ರೈಫಲ್‌ನ ಮಾತು, ಪಿಸ್ತೂಲಿನದಲ್ಲ. ಪಿಸ್ತೂಲು ಕೇಳುವವರು ತಕ್ಕ ಕಾರಣವನ್ನು ಅಧಿಕಾರಿಗೆ ಮನದಟ್ಟು ಮಾಡಿಕೊಡಬೇಕು. ಪೊಲೀಸ್ ವರದಿಯೂ ಬರಬೇಕು. ಲೈಸೆನ್ಸ್ ಪಡೆಯಲು 21 ವರ್ಷ ತುಂಬಿರಬೇಕು. ಕ್ಲಬ್ಬಿನ ಕಾರ್ಡ್ ಇದೆ ಎಂದ ಮಾತ್ರಕ್ಕೆ ಏನೂ ತಾನಾಗಿ ಸಿಗುವುದಿಲ್ಲ.

"ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ?" ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಚಾಮರಾಜನಗರ ಜಿಲ್ಲೆಯವರಿಗೆ ಅದು ಅನ್ವಯಿಸುವುದಿಲ್ಲ.

ಡಿಫೆನ್ಸಿವ್ ಪಿಸ್ತೂಲ್ ಸ್ಪರ್ಧೆ ಎಂದರೇನು?

ಯೂಟ್ಯೂಬಿನಲ್ಲಿ ಕಾಣುವ ಈ ಸ್ಪರ್ಧೆ ಹೆಚ್ಚಾಗಿ ಅಮೆರಿಕದ್ದು. 1996ರಲ್ಲಿ ಅಲ್ಲಿ ಶುರುವಾದ ಐಡಿಪಿಎ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ದಾಳಿಯಾದಂಥ ಒಂದು ಸನ್ನಿವೇಶ ಕಟ್ಟಿ, ರಟ್ಟಿನ ಗುರಿಗಳನ್ನು ನಿಲ್ಲಿಸುತ್ತಾರೆ. ಸ್ಪರ್ಧಿ ಮರೆಯಲ್ಲಿ ನಿಂತು, ಬೇಗ ಮತ್ತು ಸರಿಯಾಗಿ ಹೊಡೆಯಬೇಕು. ತೆಗೆದುಕೊಂಡ ಸಮಯಕ್ಕೆ ತಪ್ಪಿದ ಅಂಕ ಸೇರಿಸಿ ಫಲಿತಾಂಶ ಹೇಳುತ್ತಾರೆ. "ಅಮಾಯಕ" ಎಂದು ಗುರುತಿಸಿದ ರಟ್ಟಿಗೆ ಗುಂಡು ತಗುಲಿದರೆ ದಂಡ. ಪಿಸ್ತೂಲು ಕೈಜಾರಿ ಬಿದ್ದರೆ ಅಥವಾ ಅದರ ಬಾಯಿ ತಪ್ಪು ದಿಕ್ಕಿಗೆ ತಿರುಗಿದರೆ ಸ್ಪರ್ಧೆಯಿಂದಲೇ ಹೊರಗೆ.

ಅಲ್ಲಿ ಹೆಚ್ಚು ಬಳಕೆಯಲ್ಲಿರುವ 9 ಎಂಎಂ ಪಿಸ್ತೂಲು ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್. ಹಾಗಾಗಿ ಇಲ್ಲಿ ಪಿಸ್ತೂಲು ಕಲಿಯಲು ಹೊರಟವರಿಗೆ ತೆರೆದಿರುವ ಬಾಗಿಲು 10 ಮೀಟರ್ ಏರ್ ಪಿಸ್ತೂಲ್.

10 ಮೀಟರ್ ಏರ್ ಪಿಸ್ತೂಲ್ ಹೇಗಿರುತ್ತದೆ?

ಒಂದೇ ಕೈಯಲ್ಲಿ ಹಿಡಿದು, 4.5 ಮಿ.ಮೀ. ಪೆಲೆಟ್‌ನಿಂದ ಹೊಡೆಯಬೇಕು. 75 ನಿಮಿಷದಲ್ಲಿ 60 ಹೊಡೆತ. ಹತ್ತು ಅಂಕದ ವೃತ್ತದ ಅಗಲ ಕೇವಲ 11.5 ಮಿ.ಮೀ., ಅಂದರೆ ಅಂಗಿಯ ಗುಂಡಿಯಷ್ಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಇದರಲ್ಲೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ ಇದರಲ್ಲೇ.

ಅಜ್ಜೀಪುರದಂಥ ಊರಿನಿಂದ ಶುರು ಮಾಡುವುದು ಹೇಗೆ?

1. ಕ್ಲಬ್ ಮಾನ್ಯತೆ ಪಡೆದದ್ದೇ ನೋಡಿ. ದೇಶದ ಸಂಸ್ಥೆ 1951ರಲ್ಲಿ ಆರಂಭವಾದ ಎನ್‌ಆರ್‌ಎಐ. ರಾಜ್ಯದಲ್ಲಿ ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ. ನಿಮಗೆ ಹತ್ತಿರದ ಮಾನ್ಯ ಕ್ಲಬ್ ಯಾವುದೆಂದು ಅಲ್ಲೇ ವಿಚಾರಿಸಿ. "ಲೈಸೆನ್ಸ್ ಮಾಡಿಸಿಕೊಡುತ್ತೇವೆ" ಎಂದು ಮುಂಗಡ ಕೇಳುವವರಿಗೆ ಹಣ ಕೊಡಬೇಡಿ.

2. ಮೊದಲೇ ಪಿಸ್ತೂಲು ಕೊಳ್ಳಬೇಡಿ. ವಿದೇಶಿ ಸ್ಪರ್ಧಾ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ. ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ಪಿಸ್ತೂಲು ಕೊಡುತ್ತಾರೆಯೇ ಕೇಳಿ, ಕೆಲವು ತಿಂಗಳು ಅದರಲ್ಲೇ ಕಲಿಯಿರಿ.

3. ಮನೆಯಲ್ಲಿ ತೋಳು ಗಟ್ಟಿ ಮಾಡಿಕೊಳ್ಳಿ. ಏರ್ ಪಿಸ್ತೂಲಿನ ತೂಕ ಸುಮಾರು ಒಂದು ಕಿಲೋ. ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಕೈ ಚಾಚಿ ಅಲುಗದಂತೆ ನಿಲ್ಲುವುದೇ ಒಳ್ಳೆಯ ಆರಂಭ.

4. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿ. ಕೆಡೆಟ್‌ಗಳಿಗೆ ಪಾಯಿಂಟ್ 22 ರೈಫಲ್ ತರಬೇತಿ ಇರುತ್ತದೆ.

ಏರ್‌ಗನ್ ಹಿಡಿದು ಕಾಡಿಗೆ ಹೋಗಬಹುದೇ?

ಖಂಡಿತ ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಬೋರ್ ಮತ್ತು 20 ಜೌಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ ಎಂಬುದು ನಿಜ. ಆದರೆ ಹನೂರು ಭಾಗದ ಸುತ್ತ ಕಾವೇರಿ ಮತ್ತು ಮಲೆ ಮಹದೇಶ್ವರ ವನ್ಯಜೀವಿಧಾಮಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಲಿಖಿತ ಅನುಮತಿ ಇಲ್ಲದೆ ಯಾವುದೇ ಆಯುಧ ಹಿಡಿದು ವನ್ಯಜೀವಿಧಾಮದೊಳಗೆ ಕಾಲಿಡುವಂತಿಲ್ಲ. "ಪ್ರಾಣಿ ಹೊಡೆಯಲಿಲ್ಲ, ಬರೀ ಪ್ರಾಕ್ಟೀಸ್ ಸಾರ್" ಎಂದರೂ ಅದು ಅಪರಾಧವೇ. ಕಾಡುಹಂದಿ ಕಾಟಕ್ಕೆ ಲೈಸೆನ್ಸಿಲ್ಲದ ನಾಡಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯಂತೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಬೆಳೆ ಕಾಯಲು ಬಂದೂಕಿನ ಲೈಸೆನ್ಸಿಗೆ ಕಾನೂನಿನಲ್ಲೇ ದಾರಿಯಿದೆ, ಅರ್ಜಿ ಹಾಕಿ.

ಆಟಿಕೆಯಲ್ಲ, ನೆನಪಿರಲಿ

ಏರ್‌ಗನ್ನಿನ ಪೆಲೆಟ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಗುಂಡು ಹಾರಿಸುವ ಪಿಸ್ತೂಲಿನ ಸದ್ದು 140 ಡೆಸಿಬೆಲ್ ಮೀರುತ್ತದೆ, ಒಂದೇ ಹೊಡೆತಕ್ಕೂ ಕಿವಿಗೆ ಹಾನಿಯಾಗಬಹುದು. ಆದ್ದರಿಂದ ರೇಂಜ್‌ನಲ್ಲಿ ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲೇಬೇಕು. ಪೆಲೆಟ್‌ನಲ್ಲಿ ಸೀಸ ಇರುವುದರಿಂದ ಕೈ ತೊಳೆಯದೆ ಏನೂ ತಿನ್ನಬೇಡಿ.

ಮೊದಲ ದಿನವೇ ಬಾಯಿಪಾಠ ಮಾಡಬೇಕಾದ ನಾಲ್ಕು ನಿಯಮಗಳು:

• ಪ್ರತಿ ಪಿಸ್ತೂಲಿನಲ್ಲೂ ಗುಂಡು ಇದೆ ಎಂದೇ ತಿಳಿಯಿರಿ.
• ಹೊಡೆಯಬಾರದ ಯಾವುದರ ಕಡೆಗೂ ಅದರ ಬಾಯಿ ತಿರುಗಿಸಬೇಡಿ.
• ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ.
• ಗುರಿಯ ಹಿಂದೆ ಏನಿದೆ, ಯಾರಿದ್ದಾರೆ ಎಂದು ನೋಡಿಕೊಳ್ಳಿ.

ಕೊನೆಯದಾಗಿ, "ಮನೆಯಲ್ಲಿ ಪಿಸ್ತೂಲಿದ್ದರೆ ಧೈರ್ಯ" ಎನ್ನುವವರಿಗೆ ಒಂದು ಮಾತು. ಬಂದೂಕಿರುವ ಮನೆಗಳಲ್ಲಿ ಆತ್ಮಹತ್ಯೆ ಮತ್ತು ಕೊಲೆಯ ಅಪಾಯ ಹೆಚ್ಚು ಎಂದು ಅಮೆರಿಕದ ಅಧ್ಯಯನಗಳು ತೋರಿಸಿವೆ.

ನಮ್ಮ ತೀರ್ಪು: ದಾರಿ ತಪ್ಪಿಸುವ ಸಂದೇಶ. ಕ್ಲಬ್ ಸೇರಿದರೆ ಕ್ರೀಡೆ ಕಲಿಯಬಹುದು. ಪಿಸ್ತೂಲ್ ಲೈಸೆನ್ಸ್ ತಾನಾಗಿ ಬರುವುದಿಲ್ಲ. ಏರ್‌ಗನ್‌ಗೆ ಲೈಸೆನ್ಸ್ ಬೇಡದಿದ್ದರೂ ಎಲ್ಲಿ ಬೇಕಾದರೂ ಹೊಡೆಯುವಂತಿಲ್ಲ. ಆ ಸಂದೇಶ ಕಳಿಸಿದವರಿಗೆ ಇದನ್ನೂ ಕಳಿಸಿ.