ಬೃಹತ್ಸಂಹಿತೆಯಲ್ಲಿ ಮನೆಯ ಅಳತೆ

ಹೊಸ ಮನೆಯನ್ನು ಕಟ್ಟಲೆಳಸುವವನಿಗೆ ಮೊದಲು ಎದುರಾಗುವ ಪ್ರಶ್ನೆಯು ಅದು ಎಷ್ಟು ದೊಡ್ಡದಾಗಿರಬೇಕೆಂಬುದು. ೬ನೆಯ ಶತಮಾನದಲ್ಲಿ ಅವಂತಿಯ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಇದಕ್ಕೆ ಕೊಟ್ಟಿರುವ ಉತ್ತರವು ವಿಚಾರಾರ್ಹವಾಗಿದೆ. ಆತನ ಲೆಕ್ಕವು ಕಟ್ಟುವವನ ಸಂಸಾರದಲ್ಲಿರುವ ತಲೆಗಳಿಂದಲ್ಲ, ಅವನ ಪದವಿಯಿಂದ ಮೊದಲಾಗುತ್ತದೆ.

ಅರಸನ ಮನೆಗಳಲ್ಲಿ ಐದು ತರಗಳುಂಟು. ಉತ್ತಮವಾದುದರ ಅಗಲವು ೧೦೮ ಹಸ್ತ. ಉಳಿದವು ಎಂಟೆಂಟು ಹಸ್ತ ಕಡಮೆಯಾಗುತ್ತ ೭೬ಕ್ಕೆ ಇಳಿಯುವುವು. ಸೇನಾಪತಿಗೆ ೬೪, ಮಂತ್ರಿಗೆ ೬೦. ಇನ್ನು ವರ್ಣಗಳ ವಿಷಯದಲ್ಲಿ, ಬ್ರಾಹ್ಮಣನಿಗೆ ೩೨, ಕ್ಷತ್ರಿಯನಿಗೆ ೨೮, ವೈಶ್ಯನಿಗೆ ೨೪, ಶೂದ್ರನಿಗೆ ೨೦ ಹಸ್ತಗಳು ಪರಮಾವಧಿ. ಅಲ್ಲಿಂದ ನಾಲ್ಕು ನಾಲ್ಕು ಹಸ್ತ ಇಳಿಸಿಕೊಳ್ಳಬಹುದು, ೧೬ಕ್ಕೆ ನಿಲ್ಲಬೇಕು. ಎಂದರೆ ಮೇಲಿನ ಎಲ್ಲೆ ಒಬ್ಬೊಬ್ಬರಿಗೆ ಒಂದೊಂದಾದರೂ ಕೆಳಗಿನ ಎಲ್ಲೆ ನಾಲ್ವರಿಗೂ ಒಂದೇ. ಬ್ರಾಹ್ಮಣನಿಗೆ ಆರಿಸಿಕೊಳ್ಳಲು ಐದು ಅಳತೆಗಳಿದ್ದರೆ ಶೂದ್ರನಿಗೆ ಎರಡೇ. ಇವರೆಲ್ಲರಿಗಿಂತ ಹೀನರೆಂದು ಎಣಿಸಲ್ಪಟ್ಟವರ ಮನೆ ೧೬ಕ್ಕೂ ಕಿರಿದಾಗಿರತಕ್ಕದ್ದು. ಎಷ್ಟು ಕಿರಿದೆಂದು ಹೇಳುವ ಗೋಜಿಗೆ ಗ್ರಂಥಕಾರನು ಹೋಗಿಲ್ಲ. ಈ ಮೌನವು ಕಠೋರವಾದುದು.

ಆದರೆ ಎತ್ತರದ ನಿಯಮಕ್ಕೆ ಬರುವಾಗ ಲೆಕ್ಕದ ರೀತಿ ಬೇರೆಯಾಗುತ್ತದೆ. ಅಗಲದ ೧೬ನೆಯ ಒಂದು ಪಾಲಿಗೆ ೪ ಹಸ್ತಗಳನ್ನು ಕೂಡಿಸಿದರೆ ಮೊದಲನೆಯ ನೆಲೆಯ ಎತ್ತರ ದೊರೆಯುವುದು. ಮೇಲಿನ ನೆಲೆಗಳು ಒಂದೊಂದೂ ೧೨ನೆಯ ಒಂದು ಪಾಲಿನಷ್ಟು ತಗ್ಗಬೇಕು. ಹೀಗೆ ೩೨ ಹಸ್ತದ ಮನೆಗೆ ೬ ಹಸ್ತ, ೧೬ ಹಸ್ತದ ಮನೆಗೆ ೫ ಹಸ್ತ ಎತ್ತರ. ಅಗಲವು ಅರ್ಧವಾದರೂ ಎತ್ತರದಲ್ಲಿ ತಗ್ಗಿದುದು ಒಂದೇ ಹಸ್ತ. ಮನೆ ಸಣ್ಣದಾದ ಮಾತ್ರಕ್ಕೆ ಒಳಗೆ ನಡೆದಾಡುವವನು ಗಿಡ್ಡನಾಗುವುದಿಲ್ಲವಷ್ಟೆ!

ಗೋಡೆಯ ಲೆಕ್ಕವಂತೂ ಕಟ್ಟುವವನು ಎರಡು ಸಲ ಓದಬೇಕಾದುದು. ಸುಟ್ಟ ಇಟ್ಟಿಗೆಯ ಗೋಡೆಯ ದಪ್ಪವು ಮನೆಯ ಅಗಲದ ೧೬ನೆಯ ಒಂದು ಪಾಲು. ಮರದ ಗೋಡೆಗಳಿಗೆ ಈ ಕಟ್ಟಿಲ್ಲ. ೧೬ ಹಸ್ತದ ಮನೆಗೆ ಒಂದು ಹಸ್ತದ ಗೋಡೆಯಾದರೆ ೩೨ ಹಸ್ತದ ಮನೆಗೆ ಎರಡು ಹಸ್ತದ್ದು. ಉದ್ದಗಲಗಳ ಪ್ರಮಾಣವು ಎರಡರಲ್ಲಿಯೂ ಒಂದೇ ಎಂದಿಟ್ಟುಕೊಂಡರೆ, ದೊಡ್ಡ ಮನೆಯ ಹೊರಗೋಡೆಗಳು ಎರಡರಷ್ಟು ಉದ್ದ, ಎರಡರಷ್ಟು ದಪ್ಪ. ಎತ್ತರವೂ ಐದಕ್ಕೆ ಆರು. ಇಟ್ಟಿಗೆಯ ವೆಚ್ಚವು ಐದು ಪಾಲಿಗೆ ಸಮೀಪಿಸುತ್ತದೆ. ಪದವಿಗೆ ತಕ್ಕ ಪರಮಾವಧಿಯನ್ನೇ ಬಯಸಿದ ಗೃಹಸ್ಥನು ಇಟ್ಟಿಗೆಯ ಆವಿಗೆಗೆ ತೆರಬೇಕಾಗಿದ್ದ ಕಂದಾಯವಿದು. ಐದು ತರಗಳಲ್ಲಿ ಕೆಳಗಿನದನ್ನು ಆರಿಸಿಕೊಂಡವನಿಗೆ ಶಾಸ್ತ್ರದ ಅಡ್ಡಿಯೇನೂ ಇರಲಿಲ್ಲ.

ಎತ್ತರದ ನಿಯಮವನ್ನು ಮಾತ್ರ ಆಚಾರ್ಯನು ಸಮಸ್ತ ಗೃಹಗಳಿಗೂ ಹೇಳಿದ್ದಾನೆ. ಅಲ್ಲಿ ವರ್ಣದ ಮಾತಿಲ್ಲ. ಹಸ್ತವನ್ನು ಒಂದೂವರೆ ಅಡಿಯೆಂದು ಹಿಡಿದರೆ, ೮ ಹಸ್ತ ಅಗಲದ ಗುಡಿಸಲಿಗೂ ಅದರಂತೆ ಆರೂಮುಕ್ಕಾಲು ಅಡಿಯ ಎತ್ತರವು ಸಲ್ಲುತ್ತದೆ.