ಈಜುಕೊಳದ ವಿದ್ಯುತ್ ಬಾಂಡಿಂಗ್: ಅಮೆರಿಕದ ನಿಯಮಗಳ ಚರಿತ್ರೆ

ಈಜುಕೊಳ ಮತ್ತು ಹಾಟ್ ಟಬ್‌ಗಳ ಏಣಿ, ಕೈಕಂಬಿ, ಪಂಪು, ದೀಪದ ಕವಚ, ಕಾಂಕ್ರೀಟಿನೊಳಗಿನ ಸರಳು, ಕಡೆಗೆ ನೀರನ್ನೂ ತಾಮ್ರದ ತಂತಿಯಿಂದ ಜೋಡಿಸಿ, ಅವುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಉಳಿಯದಂತೆ ಮಾಡುವುದೇ ಬಾಂಡಿಂಗ್. ಅರ್ಥಿಂಗ್‌ನ ಕೆಲಸ ಬೇರೆ: ಅದು ದೋಷದ ಕರೆಂಟಿಗೆ ದಾರಿ ಕೊಟ್ಟು ಬ್ರೇಕರ್ ಬೀಳುವಂತೆ ಮಾಡುತ್ತದೆ. ಒದ್ದೆ ಮೈ ಕರೆಂಟನ್ನು ಸುಲಭವಾಗಿ ಒಳಬಿಡುವುದರಿಂದ ಕೊಳದ ಅಂಚಿನಲ್ಲಿ ಕೆಲವೇ ವೋಲ್ಟ್ ಕೂಡ ಜುಮ್ಮೆನಿಸುತ್ತದೆ.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ 1897ರಲ್ಲೇ ಬಂದರೂ ಈಜುಕೊಳಕ್ಕೆ 680ನೆಯ ವಿಧಿ ಸೇರಿದ್ದು 1962ರಲ್ಲಿ. ಮೊದಲ ಆತಂಕ ನೀರೊಳಗಿನ ದೀಪಗಳದ್ದು. ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್ 1961ರಲ್ಲಿ ರೂಪಿಸಿದ, ಸುಮಾರು 5 ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಸಾಧನವನ್ನು 1968ರ ಆವೃತ್ತಿ ಆ ದೀಪಗಳಿಗೆ ಅನ್ವಯಿಸಿತು. ಅದು ಅಸಂಖ್ಯ ಜೀವ ಉಳಿಸಿದ ಸಾಧನ.

ಆದರೆ ಅದರ ಕಣ್ಣಿಗೆ ಬೀಳದ ಅಪಾಯವೊಂದಿದೆ. ಅಮೆರಿಕದಲ್ಲಿ ಸರಬರಾಜು ಕಂಪನಿಯ ನ್ಯೂಟ್ರಲ್ ತಂತಿಯನ್ನು ಹಲವೆಡೆ ಭೂಮಿಗೆ ಸೇರಿಸಿರುತ್ತಾರೆ. ಮನೆಯ ಅರ್ಥ್ ತಂತಿಯೂ ಅದಕ್ಕೇ ಕೂಡಿರುತ್ತದೆ. ನ್ಯೂಟ್ರಲ್‌ನಲ್ಲಿ ಹರಿಯುವ ಕರೆಂಟಿನಿಂದ ಹುಟ್ಟುವ ವೋಲ್ಟೇಜ್ ಅರ್ಥ್ ತಂತಿಯ ಮೂಲಕವೇ ಪಂಪಿಗೂ ನೀರಿಗೂ ಬರುತ್ತದೆ. ಪಕ್ಕದ ಸಿಮೆಂಟು ನೆಲ ಮಾತ್ರ ಮಣ್ಣಿನ ವಿಭವದಲ್ಲೇ ಇರುತ್ತದೆ. ಒಂದು ಕಾಲು ನೀರಿನಲ್ಲಿ, ಇನ್ನೊಂದು ನೆಲದ ಮೇಲೆ ಇಟ್ಟವರ ಮೈಯೇ ಎರಡರ ನಡುವಿನ ಹಾದಿ. ಉಪಕರಣದಲ್ಲಿ ದೋಷವೇ ಇಲ್ಲದ್ದರಿಂದ ಯಾವ ಸಾಧನವೂ ಕರೆಂಟು ಕಡಿಯುವುದಿಲ್ಲ.

ಹೀಗಾಗಿ ನಿಯಮದ ಗಮನ ಲೋಹದಿಂದ ನೆಲದತ್ತ ಹೊರಳಿತು. 2005ರ ಆವೃತ್ತಿ ಕೊಳದ ಸುತ್ತಲಿನ ನೆಲವನ್ನೂ ಸಮವಿಭವ (ಬಾಂಡಿಂಗ್) ಜಾಲಕ್ಕೆ ಸೇರಿಸಿತು. 2008ರದು ಅದನ್ನು ಸ್ಪಷ್ಟಪಡಿಸಿತು: ಗೋಡೆಯ ಒಳಅಂಚಿನಿಂದ 3 ಅಡಿವರೆಗಿನ ನೆಲ ಬೆಸೆದಿರಬೇಕು, ಸರಳಿನ ಜಾಲವಿಲ್ಲದಿದ್ದರೆ 18ರಿಂದ 24 ಅಂಗುಲ ದೂರದಲ್ಲಿ 8 ಗೇಜಿನ ತಾಮ್ರದ ತಂತಿಯೊಂದು ಸುತ್ತುವರಿಯಬೇಕು, ನೀರಿಗೆ ಕನಿಷ್ಠ 9 ಚದರ ಅಂಗುಲ ಲೋಹ ತಗಲಿರಬೇಕು. ನೆಲದಿಂದ ಕನಿಷ್ಠ 28 ಅಂಗುಲ ಎತ್ತರದ ಅಂಚುಳ್ಳ, ಪ್ರಮಾಣೀಕೃತ ಹೊರಾಂಗಣ ಹಾಟ್ ಟಬ್‌ಗಳಿಗೆ 2014ರಲ್ಲಿ ಷರತ್ತಿನ ವಿನಾಯಿತಿ ದೊರೆಯಿತು: ನೆಲದಲ್ಲಿ ನಿಂತು ನೀರಿಗೆ ಕಾಲಿಡುವುದು ಅಲ್ಲಿ ಕಷ್ಟ.

ಮನೆಯ ಮೇನ್ ಆಫ್ ಮಾಡಿದರೂ ನ್ಯೂಟ್ರಲ್ ಕಡಿಯುವುದಿಲ್ಲ. ಆದ್ದರಿಂದ ಆಮೇಲೂ ಕೊಳದ ಅಂಚು ಜುಮ್ಮೆನ್ನುತ್ತಿದ್ದರೆ ನೀರಿಗಿಳಿಯಬಾರದು. ಬಾಂಡಿಂಗ್ ಪರೀಕ್ಷಿಸಿ, ಸರಬರಾಜು ಕಂಪನಿಗೂ ತಿಳಿಸಬೇಕು.