ವಸಯಿಯ ಗಂಟೆ, ಗೋದಾವರಿಯ ದಡ

ಸಟಾಣಾ ಅಂದರೆ ನಮ್ಮ ಕಡೆ ಯಾರಿಗೂ ಗೊತ್ತಾಗುವುದಿಲ್ಲ. "ನಾಸಿಕ್ ಹತ್ತಿರ" ಅಂದರೆ "ಓಹೋ, ದ್ರಾಕ್ಷಿ ಊರು" ಅನ್ನುತ್ತಾರೆ. ನಮ್ಮ ತಾಲ್ಲೂಕಿಗೆ ಹೆಸರು ಬಂದದ್ದು ದಾಳಿಂಬೆಯಿಂದ, ಈರುಳ್ಳಿಯಿಂದ. ಬಾಗಲಾಣ ಎಂಬ ಹಳೆಯ ಸೀಮೆಯ ತಾಲ್ಲೂಕು ಕೇಂದ್ರ ಇದು. ಒಂದು ಕಡೆ ಸಾಲ್ಹೇರ್, ಮುಲ್ಹೇರ್ ಕೋಟೆಗಳು, ಇನ್ನೊಂದು ಕಡೆ ಮಾಲೆಗಾಂವ್ ರಸ್ತೆ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ಇಲ್ಲಿ ಬಂದು ನೆಲೆಸಿದ ಮೇಲೆ ತೀರಾ ಕೊರತೆಯಾದದ್ದು ಎರಡೇ: ಕುಚ್ಚಲಕ್ಕಿ ಮತ್ತು ಸಮುದ್ರ. ಮೊದಲನೆಯದನ್ನು ಊರಿನಿಂದ ಚೀಲದಲ್ಲಿ ತರಬಹುದು. ಎರಡನೆಯದಕ್ಕೆ ನಾವೇ ಹೋಗಬೇಕು.

ಹಾಗೆ ಹೋಗುವುದಿದ್ದರೆ ವಸಯಿಗೇ ಹೋಗಬೇಕು ಎಂದು ಅನ್ನಿಸಿದ್ದು ನಾಸಿಕದ ಒಂದು ದೇವಸ್ಥಾನದಿಂದ. ಪಂಚವಟಿಯ ಬದಿಯಲ್ಲಿ, ಗೋದಾವರಿಯ ದಡದಲ್ಲಿ, ನಾರೋಶಂಕರ ದೇವಾಲಯ ಎಂದು ಜನ ಕರೆಯುವ ರಾಮೇಶ್ವರನ ಗುಡಿ ಇದೆ. 1747ರಲ್ಲಿ ಕಟ್ಟಿಸಿದವನು ಪೇಶ್ವೆಯವರ ಸರದಾರ ನಾರೋಶಂಕರ ರಾಜೇಬಹಾದ್ದೂರ್. ನಮ್ಮ ಪಕ್ಕದ ಮಾಲೆಗಾಂವದ ಕೋಟೆ ಕಟ್ಟಿಸಿದವನೂ ಅವನೇ. ಗುಡಿಯ ಮುಂಗೋಡೆಯ ಕಮಾನಿನಲ್ಲಿ ಭಾರೀ ಕಂಚಿನ ಗಂಟೆಯೊಂದು ತೂಗುತ್ತದೆ. ಅದರ ಮೇಲಿರುವ ಇಸವಿ 1721. ಶಿವನ ಗುಡಿಯ ಗಂಟೆ ಅಲ್ಲ ಅದು, ವಸಯಿಯ ಇಗರ್ಜಿಯದು. ಭೀಮಾಶಂಕರದಲ್ಲಿ, ವಾಯಿ ಹತ್ತಿರದ ಮೇಣವಲಿಯಲ್ಲಿ ಕೂಡ ಇಂಥ ಪೋರ್ಚುಗೀಸ್ ಗಂಟೆಗಳಿವೆ. ಗಂಟೆ ಇಲ್ಲಿದೆ, ಅದು ಇದ್ದ ಗೋಪುರ ಹೇಗಿದೆ ನೋಡೋಣ ಅಂತ ಹೊರಟೆವು.

ಹಿಂದಿನ ರಾತ್ರಿ ಕಲ್ಯಾಣದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಬೆಳಿಗ್ಗೆ ದಿವಾದಿಂದ ವಸಯಿ ರೋಡ್ ಗಾಡಿ ಹಿಡಿದೆವು. ಸ್ಟೇಷನ್ನಿನಲ್ಲಿ ಇಳಿದರೆ ಇದು ದ್ವೀಪ ಎಂದು ಯಾರೂ ನಂಬುವುದಿಲ್ಲ. ಎಲ್ಲ ಕಡೆ ಬಿಲ್ಡಿಂಗುಗಳು, ಆಟೋಗಳು. ಆದರೆ ದಕ್ಷಿಣಕ್ಕೆ ಉಲ್ಹಾಸ ನದಿಯ ಅಳಿವೆ, ಉತ್ತರಕ್ಕೆ ವೈತರಣಾ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಈಗ ಹೂಳು ತುಂಬಿರುವ ಸೋಪಾರಾ ಖಾಡಿ: ಈ ನಾಲ್ಕರ ನಡುವಿನ ನೆಲವನ್ನು ಹಳೆಯ ಕಾಲದವರು ದ್ವೀಪವೆಂದೇ ಲೆಕ್ಕ ಹಾಕಿದ್ದರು.

ಸೋಪಾರಾ ಅಂದೆನಲ್ಲ, ಅದು ಹಳೆಯ ಶೂರ್ಪಾರಕ. 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಲ್ಲಿಯ ಸ್ತೂಪವನ್ನು ಅಗೆದರು. ನಮ್ಮ ಮಸ್ಕಿಯಲ್ಲಿ, ಸನ್ನತಿಯಲ್ಲಿ ಸಿಕ್ಕ ಹಾಗೆ ಅಶೋಕನ ಶಾಸನದ ತುಣುಕುಗಳು ಅಲ್ಲಿಯೂ ಸಿಕ್ಕಿವೆ. ನಾಸಿಕದ ಪಾಂಡವಲೇಣಿ ಗುಹೆಯಲ್ಲಿ ಶಕರ ಉಷವದಾತ ಕೊರೆಸಿದ ಶಾಸನದಲ್ಲಿ ಶೂರ್ಪಾರಕದಲ್ಲಿ ಅವನು ಮಾಡಿದ ದಾನದ ಮಾತು ಬರುತ್ತದೆ. ಅಂದರೆ ಈ ಬಂದರಿಗೂ ನಮ್ಮ ಘಟ್ಟದ ಮೇಲಿನ ನಾಸಿಕಕ್ಕೂ ಎರಡು ಸಾವಿರ ವರ್ಷದ ಹಾದಿ ಇದೆ. ಗಂಟೆ ಘಟ್ಟ ಹತ್ತಿದ್ದು ಹೊಸ ದಾರಿಯಲ್ಲಿ ಅಲ್ಲ.

ಕೋಟೆ ಊರಿನ ದಕ್ಷಿಣ ತುದಿಯಲ್ಲಿದೆ. ಗುಜರಾತಿನ ಸುಲ್ತಾನ ಬಹಾದ್ದೂರ್ ಶಾಹನ ಮೇಲೆ ಹುಮಾಯೂನ್ ಏರಿ ಬರುವ ಭಯವಿದ್ದಾಗ, 1534ರ ಡಿಸೆಂಬರಿನಲ್ಲಿ, ಅವನು ವಸಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಜೊತೆಗೆ ಮುಂಬಯಿಯ ದ್ವೀಪಗಳೂ ಹೋದವು. ಆಮೇಲೆ 205 ವರ್ಷ ಇದು ಪೋರ್ಚುಗೀಸರ ಉತ್ತರ ಪ್ರಾಂತ್ಯದ ರಾಜಧಾನಿ. ಮುಂಬಯಿ ಆಗ ಇದರ ಕೈಕೆಳಗಿನ ಸಣ್ಣ ಜಾಗ ಅಷ್ಟೆ.

ಒಳಗೆ ಹೋದರೆ ಆಲದ ಬೇರು ಗೋಡೆಗಳನ್ನು ಅಪ್ಪಿಕೊಂಡಿದೆ. ಜೆಸುಯಿಟರ ಇಗರ್ಜಿಯ ಮುಖಭಾಗ ನೆಟ್ಟಗೆ ನಿಂತಿದೆ, ಮಾಡು ಇಲ್ಲ. ಫ್ರಾನ್ಸಿಸ್ಕನ್ನರ ಇಗರ್ಜಿಯಲ್ಲಿ ನೆಲದ ತುಂಬ ಗೋರಿಕಲ್ಲುಗಳು. ಪೋರ್ಚುಗೀಸ್ ಅಕ್ಷರ, ಮನೆತನದ ಲಾಂಛನ. ಗಂಟೆಗೋಪುರದಲ್ಲಿ ಆಕಾಶ ಮಾತ್ರ ಇದೆ. ಅಲ್ಲಿಯೇ ಸ್ವಲ್ಪ ಹೊತ್ತು ಕೂತಿದ್ದೆವು.

1737ರಲ್ಲಿ ಚಿಮಾಜಿ ಅಪ್ಪಾ, ಅಂದರೆ ಮೊದಲನೆಯ ಬಾಜಿರಾಯನ ತಮ್ಮ, ಈ ಸೀಮೆಯ ಮೇಲೆ ದಂಡಯಾತ್ರೆ ಶುರು ಮಾಡಿದ. 1739ರ ಮೊದಲ ತಿಂಗಳುಗಳಲ್ಲಿ ವಸಯಿಗೆ ಮುತ್ತಿಗೆ. ಮೇ ತಿಂಗಳಲ್ಲಿ ಸಂತ ಸೆಬಾಸ್ಟಿಯನ್ ಬುರುಜಿನ ಬುಡಕ್ಕೆ ಸುರಂಗ ತೋಡಿ ಮದ್ದಿಟ್ಟು ಸಿಡಿಸಿದರು. ಮರಾಠರ ಕಡೆಯೇ ಸಾವಿರಾರು ಜನ ಸತ್ತರು. ಶರಣಾದ ಪೋರ್ಚುಗೀಸರಿಗೆ ಆಯುಧ ಹಿಡಿದು, ಮರ್ಯಾದೆಯಿಂದ ಹಡಗು ಹತ್ತಲು ಬಿಟ್ಟರು. ಗಂಟೆಗಳು ಮಾತ್ರ ದೇಶದ ಒಳಕ್ಕೆ ಹೊರಟವು.

ಮರಾಠಿ ಮನೆಗಳಲ್ಲಿ ಇದು ಗೆಲುವಿನ ಕಥೆ, ಸಹಜವೇ. ಆದರೆ ಅದೇ ವಸಯಿಯಲ್ಲಿ 63 ವರ್ಷಗಳ ಮೇಲೆ, 1802ರ ಡಿಸೆಂಬರ್ 31ರಂದು, ಚಿಮಾಜಿಯ ಅಣ್ಣನ ಮರಿಮಗನಂತಲ್ಲ, ಮೊಮ್ಮಗನಾದ ಎರಡನೆಯ ಬಾಜಿರಾಯ ಬ್ರಿಟಿಷರ ಒಪ್ಪಂದಕ್ಕೆ ಸಹಿ ಹಾಕಿ ಸ್ವಾತಂತ್ರ್ಯವನ್ನೇ ಒಪ್ಪಿಸಿದ. ಅವನನ್ನು ಗಾದಿಗೆ ಮತ್ತೆ ಕೂರಿಸಲು ಆರ್ಥರ್ ವೆಲ್ಲೆಸ್ಲಿಯ ದಂಡು 1803ರ ಮಾರ್ಚಿನಲ್ಲಿ ಹೊರಟದ್ದು ಎಲ್ಲಿಂದ ಗೊತ್ತೇ? ನಮ್ಮ ತುಂಗಭದ್ರೆಯ ದಡದ ಹರಿಹರದಿಂದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ದಂಡು ಈಗಿನ ಜಾಲ್ನಾ ಜಿಲ್ಲೆಯ ಅಸಾಯಿಯಲ್ಲಿ ಸಿಂಧಿಯಾ, ಭೋಸಲೆಯರ ಸೈನ್ಯವನ್ನು ಸೋಲಿಸಿತು. ಗೆದ್ದ ಜಾಗದಲ್ಲೇ ಸೋಲಿನ ಕಾಗದ. ಶಾಲೆಯಲ್ಲಿ ಎರಡನ್ನೂ ಬೇರೆ ಬೇರೆ ಪಾಠದಲ್ಲಿ ಓದಿದ್ದರಿಂದ ಜಾಗ ಒಂದೇ ಎಂದು ಹೊಳೆಯುವುದಿಲ್ಲ.

ಇನ್ನೊಂದು ಸಂಗತಿ ಕನ್ನಡದವರಿಗೆ ರುಚಿಸೀತು. ಭಾರತದ ಮೊದಲ ಕ್ಯಾಥೊಲಿಕ್ ಸಂತ ಗೊನ್ಸಾಲೊ ಗಾರ್ಸಿಯಾ ಹುಟ್ಟಿದ್ದು ವಸಯಿಯಲ್ಲಿ. 1597ರಲ್ಲಿ ಜಪಾನಿನ ನಾಗಸಾಕಿಯಲ್ಲಿ ಅವನನ್ನು ಶಿಲುಬೆಗೇರಿಸಿದರು. 1862ರಲ್ಲಿ ಸಂತನೆಂದು ಸಾರಿದರು. ತಂದೆ ಪೋರ್ಚುಗೀಸ, ತಾಯಿ "ಕನಾರಿಂ". ಹಾಗಂತ ನಾವು ಹೆಮ್ಮೆಪಡಲು ಹೊರಡಬಾರದು! ಪೋರ್ಚುಗೀಸರು ಕೊಂಕಣದವರನ್ನೆಲ್ಲ ಹಾಗೆ ಕರೆಯುತ್ತಿದ್ದರು. ಥಾಮಸ್ ಸ್ಟೀಫನ್ಸ್ ಬರೆದ, 1640ರಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಹೆಸರಲ್ಲಿಯೂ ಭಾಷೆ "ಕನಾರಿಂ" ಎಂದೇ ಇದೆ. ಹೊರಗಿನಿಂದ ಬಂದವರಿಗೆ ನಮ್ಮ ವ್ಯತ್ಯಾಸ ಕಾಣಿಸುವುದಿಲ್ಲ. ಸಟಾಣಾ ಬಜಾರಿನಲ್ಲಿ ನನ್ನನ್ನು "ಮದ್ರಾಸಿ" ಅನ್ನುವವರು ಈಗಲೂ ಇದ್ದಾರೆ.

ಮಧ್ಯಾಹ್ನದ ಮೇಲೆ ಸುರುಚಿ ಬೀಚಿಗೆ ಹೋದೆವು. ಸುರು ಅಂದರೆ ಗಾಳಿಮರ. ಅದರ ತೋಪು ದಾಟಿದರೆ ಮಾಸಲು ಮರಳು, ಇಳಿತದ ನೀರು ದೂರ ಸರಿದಿತ್ತು. ದಾರಿಯುದ್ದಕ್ಕೂ ಬಾಳೆತೋಟ, ವೀಳ್ಯದೆಲೆ, ಮನೆಯೆದುರು ಶಿಲುಬೆ. ಬಾಳೆಹಣ್ಣು ಒಣಗಿಸಿ ಮಾಡುವ ಸುಕೇಳಿ ಕೊಂಡೆ. ಮಾರುತ್ತಿದ್ದ ಹೆಂಗಸರು ತಮ್ಮೊಳಗೆ ಆಡುತ್ತಿದ್ದದ್ದು ಮರಾಠಿಯ ಹಾಗೇ ಕೇಳಿಸಿತು, ಆದರೆ ನನ್ನ ಮಗಳಿಗೂ ಪೂರ್ತಿ ಹತ್ತಲಿಲ್ಲ. ಇಲ್ಲಿಯ ಕುಪಾರಿ ಕ್ಯಾಥೊಲಿಕರೂ ಸಾಮವೇದಿ ಬ್ರಾಹ್ಮಣರೂ ಒಂದೇ ನುಡಿ ಆಡುತ್ತಾರೆ, ಅದಕ್ಕೆ ಕಾದೋಡಿ ಅನ್ನುತ್ತಾರೆ. ಇದೇ ನೆಲದ ಪಾದ್ರಿ ಫ್ರಾನ್ಸಿಸ್ ದಿಬ್ರಿಟೊ 2020ರಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು.

ನನಗೆ ಆ ದಿನ ಮನಸ್ಸಿಗೆ ನಾಟಿದ್ದು ಇದು. 205 ವರ್ಷ ಆಳಿದವರು ಕೋಟೆ ಕಟ್ಟಿದರು, ಧರ್ಮ ಕೊಟ್ಟರು, ಅಡ್ಡಹೆಸರೂ ಕೊಟ್ಟರು. ಆದರೆ ಮನೆಯೊಳಗಿನ ಮಾತನ್ನು ಜನ ಬಿಟ್ಟುಕೊಡಲಿಲ್ಲ. ನಮ್ಮ ಮೇಲೆ ಯಾರ ದಬ್ಬಾಳಿಕೆಯೂ ಇಲ್ಲ. ಆದರೂ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ವಾಪಸ್ಸು ಗಾಡಿಯಲ್ಲಿ ಅವಳಿಗೆ ಹರಿಹರದ ಕಥೆಯನ್ನು ಕನ್ನಡದಲ್ಲಿಯೇ ಹೇಳಿದೆ. ಅವಳು ಮಧ್ಯೆ ಮಧ್ಯೆ ಪ್ರಶ್ನೆ ಹಾಕಿದಳು, ಅರ್ಧ ಅಲ್ಲಿಯದು, ಅರ್ಧ ಇಲ್ಲಿಯದು.

ಮುಂಬಯಿಗೆ ಬರುವ ನೆಂಟರು ಗೇಟ್‌ವೇ, ಜುಹೂ ನೋಡಿ ಹಿಂದಿರುಗುತ್ತಾರೆ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ವಸಯಿಗೆ ಹೋಗಿ. ನೀರಿನ ಬಾಟಲಿ ಮರೆಯಬೇಡಿ, ಕೋಟೆಯೊಳಗೆ ನೆರಳು ಕಡಿಮೆ.